ಸಾಫೆನ್‌ವಿಲ್ಲಿನ ಗಿರಣಿ, ಗೋಕಾಕದ ಗಿರಣಿ

ಪಾದ್ರಿಗಳ ಶಾಸ್ತ್ರ ನಮಗ್ಯಾಕ ಅಂತ ಗೆಳೆಯರು ಕೇಳಬಹುದು. ಪುರೋಹಿತಶಾಹಿ ಜನಿವಾರದ್ದಾದರೇನು, ಬಿಳಿ ನಿಲುವಂಗಿಯದಾದರೇನು, ಅದರ ತತ್ವವಿಚಾರಕ್ಕೆ ಸಣ್ಣ ಪತ್ರಿಕೆಯೊಂದರ ಪುಟಗಳನ್ನು ಕೊಡಬೇಕೆ? ಕೊಡಬೇಕು ಅನ್ನುವುದು ನಮ್ಮ ವಾದ. ಇಪ್ಪತ್ತನೆಯ ಶತಮಾನದ ಪ್ರಾಟೆಸ್ಟಂಟ್ ಲೋಕವನ್ನು ಅಲ್ಲಾಡಿಸಿದ ಒಂದು ಚಿಂತನೆ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಲ್ಲ, ಬಟ್ಟೆ ಗಿರಣಿಯ ಕೂಲಿಗಳ ನಡುವೆ. ಅದು ನಮ್ಮ ದೇಶಕ್ಕೆ ಬರುವ ಹೊತ್ತಿಗೆ ಗಿರಣಿ ಕಳಚಿಬಿದ್ದಿತ್ತು, ಬರೀ ಶಾಸ್ತ್ರ ಉಳಿದಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಭಾನುವಾರ ಬೈಬಲ್ ಹಿಡಿದು ಹೋಗುವ ದಲಿತರಿದ್ದಾರೆ. ಅವರ ಹೆಸರಿನಲ್ಲಿ ದೂರದ ಊರುಗಳಲ್ಲಿ ಯಾರು ಏನೇನು ಮಾತಾಡಿದರು, ಯಾವ ಮಾತು ಕೇರಿಯನ್ನು ಕಂಡಿತು, ಯಾವುದು ಕಾಣಲಿಲ್ಲ ಅನ್ನುವ ಚರಿತ್ರೆ ನಮ್ಮದೇ ಚರಿತ್ರೆ.

ಗೋಕಾಕದಿಂದಲೇ ಸುರು ಮಾಡೋಣ. ಗೋಕಾಕ ಅಂದಕೂಡಲೇ ಓದಿದ ಮಂದಿಗೆ 1981ರ ಭಾಷಾ ವರದಿ ನೆನಪಾಗುತ್ತದೆ, ಉಳಿದವರಿಗೆ ಕರದಂಟು. ವರದಿ ಆ ಹೆಸರಿನ ವ್ಯಕ್ತಿಯದು, ಊರಿನದಲ್ಲ. ಊರಿನದು ಅಂದರೆ ಗಿರಣಿ. ಘಟಪ್ರಭೆ ಸುಮಾರು 170 ಅಡಿ ಧುಮುಕುವ ಜಾಗದಲ್ಲಿ ನೀರಿನ ಬಲದಿಂದ ನೂಲು ತೆಗೆಯಬೇಕೆಂದು 1885ರಲ್ಲಿ ಕಂಪನಿ ಕಟ್ಟಿದರು, 1887ರಲ್ಲಿ ಗಿರಣಿ ಸುರುವಾಯಿತು. ಮಳೆ ನೋಡಿ ಏಳುತ್ತಿದ್ದ ಸುತ್ತಿನ ಹಳ್ಳಿಗಳ ಮಂದಿ ಗಿರಣಿಯ ಹೊತ್ತಿಗೆ ಏಳುವುದನ್ನು ಕಲಿತರು.

ಈ ಎರಡು ಇಸವಿಗಳ ನಡುವೆ, 1886ರ ಮೇ 10ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಕಾರ್ಲ್ ಬಾರ್ತ್ ಹುಟ್ಟಿದ. ಬಾಸೆಲ್ ಹೆಸರು ಕನ್ನಡಿಗರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಮಂಗಳೂರ ಸಮಾಚಾರ ಅಚ್ಚು ಹಾಕಿಸಿ, ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ನಡೆಸಿ, ಹುಬ್ಬಳ್ಳಿ ಧಾರವಾಡದ ತನಕ ಹಬ್ಬಿದ ಮಿಷನ್ನು ಆ ಊರಿನದೇ. ಆದರೆ ಬಾರ್ತ್ ಮಿಷನರಿಯಾಗಿ ಎಲ್ಲಿಗೂ ಹೋಗಲಿಲ್ಲ. ಜರ್ಮನಿಯಲ್ಲಿ ದೊಡ್ಡ ದೊಡ್ಡ ಪಂಡಿತರ ಕೈಕೆಳಗೆ ಓದಿ 1911ರಲ್ಲಿ ಸಾಫೆನ್‌ವಿಲ್ ಎಂಬ ಸಣ್ಣ ಊರಿಗೆ ಪಾದ್ರಿಯಾಗಿ ಬಂದ. ಹತ್ತು ವರ್ಷ ಅಲ್ಲೇ ಇದ್ದ.

ಸಾಫೆನ್‌ವಿಲ್ ಒಂದು ಗಿರಣಿ ಊರು. ನೇಯುವವರು, ಹೆಣೆಯುವವರು, ಬಣ್ಣ ಹಾಕುವವರು. ಗಿರಣಿಯ ಮಾಲೀಕರೇ ಊರಿನ ದೊಡ್ಡವರು, ಅವರೇ ಚರ್ಚಿನ ಮುಂದಿನ ಸಾಲಿನಲ್ಲಿ ಕೂಡುವವರು. ಹಿಂದಿನ ಸಾಲಿನವರ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಹೊಸ ಪಾದ್ರಿ ಕಾರ್ಖಾನೆ ಕಾಯಿದೆ ಓದಿದ, ಕೂಲಿಯ ಲೆಕ್ಕ ಓದಿದ, ಸಂಘ ಕಟ್ಟುವ ಬಗೆ ಓದಿದ. 1911ರ ಡಿಸೆಂಬರಿನಲ್ಲಿ ಊರಿನ ಕಾರ್ಮಿಕ ಸಂಘದಲ್ಲಿ ಯೇಸುವಿನ ಬಗ್ಗೆಯೂ ಸಾಮಾಜಿಕ ನ್ಯಾಯದ ಚಳವಳಿಯ ಬಗ್ಗೆಯೂ ಒಂದು ಭಾಷಣ ಮಾಡಿದ. ಅವೆರಡೂ ಬೇರೆ ಬೇರೆ ಅಲ್ಲ ಅನ್ನುವುದೇ ಅದರ ಸಾರಾಂಶ. ಮಾಲೀಕರ ಮನೆತನದವನೊಬ್ಬ ಸಿಟ್ಟಿಗೆದ್ದು ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದ. ಪಾದ್ರಿಯೂ ಪತ್ರಿಕೆಯಲ್ಲೇ ಉತ್ತರ ಕೊಟ್ಟ. 1915ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದ. 1917ರಲ್ಲಿ ಹೆಣೆಯುವ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡಾಗ, ಮಾಲೀಕ ಕೆಲಸದಿಂದ ತೆಗೀತೀನಿ ಅಂತ ಗದರಿಸಿದಾಗ, ಪಾದ್ರಿ ಅವರ ಪರವಾಗಿ ನಿಂತ. ಊರಲ್ಲಿ ಅವನಿಗೆ ಕೆಂಪು ಪಾದ್ರಿ ಅಂತಲೇ ಹೆಸರು ಬಿತ್ತು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಸಾಫೆನ್‌ವಿಲ್ಲಿನ ಕೂಲಿಗೆ ವರ್ಗ ಇತ್ತು, ಜಾತಿ ಇರಲಿಲ್ಲ. ನಮ್ಮ ಮುಂಬಯಿಯ ಗಿರಣಿಗಳಲ್ಲಿ ಲಾಳಿಗೆ ನೂಲನ್ನು ಬಾಯಿಂದ ಎಳೆಯಬೇಕಾಗಿತ್ತು. ಎಂಜಲಾಗುತ್ತದೆ ಅಂತ ಅಸ್ಪೃಶ್ಯರನ್ನು ನೇಯ್ಗೆಯ ಖಾತೆಗೇ ಸೇರಿಸುತ್ತಿರಲಿಲ್ಲ. ಕೂಲಿ ಹೆಚ್ಚು ಸಿಗುತ್ತಿದ್ದದ್ದು ಅದೇ ಖಾತೆಯಲ್ಲಿ. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಇದನ್ನೇ ಎತ್ತಿ ಹಿಡಿದು ಕಾರ್ಮಿಕ ನಾಯಕರನ್ನು ಕೇಳಿದರು. ಗಿರಣಿ ಗಿರಣಿಗೆ ಇಷ್ಟು ವ್ಯತ್ಯಾಸ ಇದೆ.

ಮತ್ತೆ ಸಾಫೆನ್‌ವಿಲ್ಲಿಗೆ. 1914ರಲ್ಲಿ ಮಹಾಯುದ್ಧ ಬಂತು. ಅಕ್ಟೋಬರಿನಲ್ಲಿ ಜರ್ಮನಿಯ 93 ಜನ ಬುದ್ಧಿಜೀವಿಗಳು ತಮ್ಮ ಸರಕಾರದ ಯುದ್ಧವನ್ನು ಸಮರ್ಥಿಸಿ ಹೇಳಿಕೆ ಹೊರಡಿಸಿದರು. ಸಹಿ ಹಾಕಿದವರಲ್ಲಿ ಬಾರ್ತನ ಗುರುಗಳಾದ ಹಾರ್ನಾಕ್, ಹೆರ್‌ಮನ್ ಇಬ್ಬರೂ ಇದ್ದರು. ಅವನಿಗೆ ನೆಲ ಕುಸಿದಂತಾಯಿತು. ನೂರು ವರ್ಷಗಳಿಂದ ಆ ಪಂಡಿತರು ಕಲಿಸಿದ್ದೇನು? ದೇವರು ಮನುಷ್ಯನ ಒಳಗಿನ ಧರ್ಮಭಾವನೆಯಲ್ಲಿದ್ದಾನೆ, ಸಂಸ್ಕೃತಿಯ ಏಳಿಗೆಯಲ್ಲಿದ್ದಾನೆ, ನಾಗರಿಕತೆ ಒಂದೊಂದೇ ಮೆಟ್ಟಿಲು ಹತ್ತಿ ಅವನ ರಾಜ್ಯದ ಕಡೆಗೆ ಹೋಗುತ್ತಿದೆ ಅಂತ. ಹಾಗೆ ಹತ್ತಿದ ಮೆಟ್ಟಿಲು ಕೊನೆಗೆ ಮುಟ್ಟಿದ್ದು ತೋಪಿನ ಬಾಯಿಗೆ. ಚಕ್ರವರ್ತಿಯ ದಂಡಿಗೆ ಆಶೀರ್ವಾದ ಮಾಡುವ ದೇವರು ದೇವರೇ ಅಲ್ಲ, ನಮ್ಮದೇ ನೆರಳು ಎಂದು ಬಾರ್ತ್ ತೀರ್ಮಾನಿಸಿದ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಅವನು ಬರೆದ ವ್ಯಾಖ್ಯಾನ 1919ರಲ್ಲಿ ಬಂತು. 1922ರಲ್ಲಿ ಅದನ್ನೇ ಪೂರಾ ಕೆಡವಿ ಮತ್ತೆ ಬರೆದ. ಅದರ ಮಾತನ್ನು ನಮ್ಮ ಭಾಷೆಯಲ್ಲಿ ಇಷ್ಟಕ್ಕೆ ಇಳಿಸಬಹುದು: ಮನುಷ್ಯನಿಂದ ದೇವರಿಗೆ ಏಣಿ ಇಲ್ಲ. ಗುಡಿ, ಚರ್ಚು, ನೀತಿ, ದೇಶ, ಸಂಸ್ಕೃತಿ, ಭಕ್ತಿ, ಏನೇ ಕಟ್ಟಿದರೂ ಅದು ಮನುಷ್ಯ ಕಟ್ಟಿದ್ದು. ದೇವರು ಅದಕ್ಕೆ ಪೂರ್ತಿ ಬೇರೆಯಾದವನು. ಅವನಿಂದ ಬರುವ ಮೊದಲ ಮಾತು ‘ಇಲ್ಲ’ ಅನ್ನುವುದು. ಆ ‘ಇಲ್ಲ’ದ ಮುಂದೆ ರಾಜನೂ ಪಾದ್ರಿಯೂ ಪಂಡಿತನೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಇದಕ್ಕೆ ಬಿಕ್ಕಟ್ಟಿನ ದೈವಶಾಸ್ತ್ರ ಎಂದು ಹೆಸರಾಯಿತು. ಗ್ರೀಕಿನಲ್ಲಿ ಆ ಬಿಕ್ಕಟ್ಟು ಎಂಬ ಮಾತಿಗೆ ತೀರ್ಪು ಎಂಬ ಅರ್ಥವೂ ಇದೆ. ದ್ವಂದ್ವಾತ್ಮಕ ದೈವಶಾಸ್ತ್ರ ಅಂತಲೂ ಕರೆದರು, ಇಂಗ್ಲಿಷಿನವರು ಮುಂದೆ ನಿಯೋ ಆರ್ಥಡಾಕ್ಸಿ ಅಂದರು.

ಇದರಲ್ಲಿ ಅಸ್ತಿತ್ವವಾದ ಎಲ್ಲಿಂದ ಬಂತು? ಡೆನ್ಮಾರ್ಕಿನ ಕೀರ್ಕೆಗಾರ್ಡನಿಂದ. 1855ರಲ್ಲಿ ಸಾಯುವ ಮುನ್ನ ಅವನು ತನ್ನ ದೇಶದ ಸರಕಾರಿ ಚರ್ಚಿನ ಮೇಲೆ ಬಂಡೆದ್ದಿದ್ದ. ಎಲ್ಲರೂ ಹುಟ್ಟಿನಿಂದಲೇ ಕ್ರೈಸ್ತರಾದ ದೇಶದಲ್ಲಿ ಕ್ರೈಸ್ತ ಅಂತ ಒಬ್ಬನೂ ಇರುವುದಿಲ್ಲ ಅನ್ನುವ ಧಾಟಿ ಅವನದು. ನಂಬಿಕೆ ಅನ್ನುವುದು ವಂಶದಿಂದ ಬರುವ ಆಸ್ತಿಯಲ್ಲ, ಪಂಡಿತರ ಪುಸ್ತಕದಿಂದ ಸಿಗುವ ಮಾಹಿತಿಯಲ್ಲ, ಮನುಷ್ಯ ಒಬ್ಬಂಟಿಯಾಗಿ ನಿಂತು ತನ್ನ ಜೀವವನ್ನೇ ಪಣಕ್ಕಿಟ್ಟು ಮಾಡುವ ನಿರ್ಧಾರ ಎಂದ. ಬಾರ್ತನ ಎರಡನೆಯ ಆವೃತ್ತಿಯ ಬೆನ್ನೆಲುಬು ಇದೇ. ಅವನ ಜೊತೆಗಾರ ರುಡೋಲ್ಫ್ ಬುಲ್ಟ್‌ಮನ್ ಮಾರ್‌ಬರ್ಗಿನಲ್ಲಿ ಹೈಡೆಗರನ ಸಹೋದ್ಯೋಗಿಯಾಗಿ, ಆ ತತ್ವಜ್ಞಾನಿಯ ಭಾಷೆಯನ್ನೇ ತಗೊಂಡು ಸುವಾರ್ತೆ ಬಿಡಿಸಿದ. ಇನ್ನೊಬ್ಬ ಎಮಿಲ್ ಬ್ರುನ್ನರ್. ಪಕ್ಕದಲ್ಲಿ ಪಾಲ್ ಟಿಲಿಕ್, ಅವನೂ ಸಮಾಜವಾದಿ. ಬಾರ್ತ್, ಅವನ ಗೆಳೆಯ ಥುರ್ನೈಸನ್, ಗೋಗಾರ್ಟನ್ ಮೂವರೂ ಕೂಡಿ ಒಂದು ಸಣ್ಣ ಪತ್ರಿಕೆ ತೆಗೆದರು. ಕಾಲಗಳ ನಡುವೆ ಎಂಬ ಅರ್ಥದ ಹೆಸರು ಅದಕ್ಕೆ. ಹತ್ತು ವರ್ಷ ನಡೆದು, 1933ರಲ್ಲಿ ಹಿಟ್ಲರ್ ಬಂದ ವರ್ಷವೇ, ತಮ್ಮ ತಮ್ಮಲ್ಲಿ ಜಗಳಾಡಿಕೊಂಡು ಮುಚ್ಚಿದರು. ಸಣ್ಣ ಪತ್ರಿಕೆಗಳ ಹಣೆಬರಹ ಎಲ್ಲ ದೇಶದಲ್ಲೂ ಒಂದೇ ಕಾಣ್ತದ!

ಧರ್ಮ ಅಂದರೆ ಮನುಷ್ಯ ಕಟ್ಟಿದ ಗೋಪುರ, ದೇವರು ಅದರಲ್ಲಿ ಸಿಗುವುದಿಲ್ಲ ಅನ್ನುವ ಮಾತು ನಮ್ಮ ಕಿವಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದವರು ಗುಡಿಯ ಕಟ್ಟಡವನ್ನು ನೋಡಿ ಇದನ್ನೇ ಹೇಳಿದ್ದರು. ಬಾರ್ತನ ಹೆಚ್ಚುಗಾರಿಕೆ ಅಂದರೆ ಅವನು ನಾಸ್ತಿಕನಾಗಿ ಹೊರಗೆ ನಿಂತು ಅದನ್ನು ಹೇಳಲಿಲ್ಲ, ಪೀಠದ ಮೇಲೆ ನಿಂತು ಪೀಠದ ವಿರುದ್ಧ ಹೇಳಿದ. ಆದರೆ ಗಿರಣಿ ಕಳಚುವುದು ಅಲ್ಲಿಂದಲೇ ಸುರುವಾಯಿತು ಅನ್ನುವುದನ್ನೂ ನಾವು ಗುರುತಿಸಬೇಕು. 1921ರಲ್ಲಿ ಅವನು ಗಾಟಿಂಗೆನ್ನಿನ ಪ್ರೊಫೆಸರನಾಗಿ ಹೋದ. 1922ರ ಆವೃತ್ತಿಯಲ್ಲಿ ಪ್ರತಿಗಾಮಿಗಿಂತ ಕ್ರಾಂತಿಕಾರಿಯ ಮೇಲೆಯೇ ಅವನ ಟೀಕೆ ಹೆಚ್ಚು ಬಿರುಸಾಗಿತ್ತು. ಕ್ರಾಂತಿಯೂ ಮನುಷ್ಯ ಕಟ್ಟುವ ಗೋಪುರವೇ ಅಂತ. ಎಲ್ಲದರ ಮೇಲೂ ‘ಇಲ್ಲ’ ಅಂದರೆ ಮಾಲೀಕನಿಗೆ ಏನೂ ನಷ್ಟವಿಲ್ಲ. ಅವನ ಗಿರಣಿ ನಾಳೆಯೂ ನಡೆಯುತ್ತದೆ.

ಹಾಗೆಂದು ಬರೀ ಪೀಠದ ಮಾತುಗಾರ ಅಂತ ತಳ್ಳಿಹಾಕಲಾಗದು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಊರಿನಲ್ಲಿ ಚರ್ಚುಗಳ ಒಂದು ಸಭೆ ಸೇರಿ, ಕ್ರಿಸ್ತನಲ್ಲದೆ ಬೇರೆ ನಾಯಕನ ಮಾತು ತಮಗೆ ದೇವರ ಮಾತಲ್ಲ ಎಂದು ಘೋಷಿಸಿತು. ಅದರ ಕರಡು ಹೆಚ್ಚಾಗಿ ಬಾರ್ತನದು. ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣ ಮಾಡುವುದಿಲ್ಲ ಎಂದದ್ದಕ್ಕೆ 1935ರಲ್ಲಿ ಬಾನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು, ಬಾಸೆಲ್ಲಿಗೆ ವಾಪಸಾದ. ಹೈಡೆಗರ್ 1933ರಲ್ಲೇ ನಾಜಿ ಪಕ್ಷ ಸೇರಿದ್ದ. ಆದರೆ ಆ ಘೋಷಣೆಯಲ್ಲಿ ಯಹೂದಿಗಳ ಹೆಸರು ಒಂದು ಕಡೆಯೂ ಇಲ್ಲ. ಚರ್ಚಿನ ಸ್ವಾತಂತ್ರ್ಯದ ಬಗ್ಗೆ ಆರು ಕಲಮು, ಬೀದಿಯಲ್ಲಿ ಒದೆ ತಿನ್ನುತ್ತಿದ್ದವರ ಬಗ್ಗೆ ಒಂದೂ ಇಲ್ಲ. ಬಾರ್ತ್ ತಾನೇ ಮುಂದೆ, ಮುದುಕನಾದ ಮೇಲೆ, ಇದನ್ನು ಒಪ್ಪಿಕೊಂಡ. ಈ ಮರೆವನ್ನು ನೆನಪಿಟ್ಟುಕೊಳ್ಳಿ, ಇಂಥದೇ ಒಂದು ನಮ್ಮಲ್ಲೂ ನಡೆದಿದೆ.

ಈಗ ನಮ್ಮ ಕಡೆ. ಬೆಳಗಾವಿಗೆ ಲಂಡನ್ ಮಿಷನ್ನು ಬಂದದ್ದು 1820ರಲ್ಲಿ. ಬೆನನ್, ಸ್ಮಿತ್ ಎಂಬಿಬ್ಬರು ಮಿಷನರಿಗಳ ಹೆಸರು ಇವತ್ತಿಗೂ ಬೆಳಗಾವಿಯ ಶಾಲೆಯೊಂದರ ಮೇಲಿದೆ. 1904ರ ಸುಮಾರಿಗೆ ಅವರು ಈ ಸೀಮೆಯನ್ನು ಅಮೆರಿಕದ ಮೆಥೊಡಿಸ್ಟರಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಜಿಲ್ಲೆಯ ಹಳ್ಳಿಗಳಲ್ಲಿ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಹೊಲೆಯರ, ಮಾದಿಗರ ಕೇರಿಗಳವರು. ಅವರು ಸೇರಿದ ಬಗೆಯೇ ಈ ಲೇಖನದ ನಡುಗಂಬ. ಒಬ್ಬೊಬ್ಬರಾಗಿ ಸೇರಲಿಲ್ಲ. ಹಿರಿಯರು ಕೂಡಿದರು, ಬಂಧು ಬಳಗ ಕೂಡಿತು, ಹೌದು ಅಂದರೆ ಮನೆತನ ಮನೆತನವೇ ಹೌದು, ಒಲ್ಲೆ ಅಂದರೆ ಎಲ್ಲರೂ ಒಲ್ಲೆ. ಇಡೀ ಭಾರತದಲ್ಲಿ ದಲಿತರು ಹೀಗೇ ಸೇರಿದರು. ಮೆಥೊಡಿಸ್ಟ್ ಮಿಷನರಿ ಪಿಕೆಟ್ 1933ರಲ್ಲಿ ಇದರ ಬಗ್ಗೆಯೇ ದೊಡ್ಡ ಪುಸ್ತಕ ಬರೆದ.

ಬಹಳ ಮಂದಿ ಮಿಷನರಿಗಳಿಗೆ ಇದು ಅನುಮಾನದ ವಿಷಯ. ಇವರೇನು ದೇವರನ್ನು ಹುಡುಕಿ ಬಂದವರೋ, ಕಾಳು ಹುಡುಕಿ ಬಂದವರೋ ಅಂತ. ಒಬ್ಬೊಬ್ಬನೂ ಒಬ್ಬಂಟಿಯಾಗಿ ನಿರ್ಧಾರ ಮಾಡಬೇಕು ಅನ್ನುವ ಶಾಸ್ತ್ರಕ್ಕೆ ಕೇರಿಯ ನಿರ್ಧಾರ ನಿರ್ಧಾರವಾಗಿಯೇ ಕಾಣುವುದಿಲ್ಲ. ನಾವು ಕೇಳುವುದು ಇಷ್ಟು: ಗೌಡನ ಹೊಲದಲ್ಲಿ ದುಡಿಯುವವನು ಗೌಡನ ದೇವರನ್ನು ಬಿಡುತ್ತೇನೆ ಅಂದ ಮರುದಿನ ಅವನಿಗೆ ಬಾವಿ ಬಂದ್, ಕೂಲಿ ಬಂದ್, ಕೇರಿಗೆ ಹೋಗುವ ದಾರಿ ಬಂದ್. ಇದನ್ನೆಲ್ಲ ತಿಳಿದು, ರಾತ್ರಿ ಕೂತು ಮಾತಾಡಿ, ಮುಂಜಾನೆ ಎದ್ದು ಹೌದು ಅಂದವರ ಮಾತಿಗಿಂತ ದೊಡ್ಡ ಪಣ ಕೋಪನ್‌ಹೇಗನ್ನಿನ ಯಾವ ಒಂಟಿ ಮನುಷ್ಯ ಇಟ್ಟಿದ್ದ? ಯುರೋಪಿಗೆ ಬಿಕ್ಕಟ್ಟು 1914ರಲ್ಲಿ ಬಂತು. ಕೇರಿಗೆ ಅದು ಯಾವ ಇಸವಿಯಲ್ಲಿ ಬಂತು ಅಂತ ಬರೆದಿಟ್ಟವರಿಲ್ಲ.

ಈ ಸೀಮೆ ಬರೀ ಸುವಾರ್ತೆಗೆ ಕಿವಿ ಕೊಟ್ಟು ಕೂತಿರಲಿಲ್ಲ. 1925ರ ಏಪ್ರಿಲ್ 10, 11ರಂದು ಹುಕ್ಕೇರಿಯ ಆಚೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಸೇರಿತು, ಅಂಬೇಡ್ಕರ್ ಬಂದು ಮಾತಾಡಿದರು. ಹತ್ತು ವರ್ಷದ ಮೇಲೆ, 1935ರ ಅಕ್ಟೋಬರಿನಲ್ಲಿ, ಯೇವಲೆಯಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಅಲ್ಲಿಗೆ ಎಲ್ಲ ಧರ್ಮದ ದೊಡ್ಡವರ ಕಣ್ಣೂ ಕೇರಿಗಳ ಮೇಲೆ ಬಿತ್ತು.

1938ನೇ ಇಸವಿಗೆ ಬರೋಣ. ಈ ಚರಿತ್ರೆಯ ಎಲ್ಲ ದಾರಿ ಕೂಡುವುದು ಆ ವರ್ಷದಲ್ಲಿ. ಜನವರಿ 1ರಂದು ಸೊಲ್ಲಾಪುರದಲ್ಲಿ ಅಂಬೇಡ್ಕರ್ ಭಾರತೀಯ ಕ್ರೈಸ್ತರ ಸಭೆಯಲ್ಲಿ ಮಾತಾಡಿದರು. ಬುದ್ಧ, ಕ್ರಿಸ್ತ ಇಬ್ಬರೇ ತನ್ನ ಮನಸ್ಸನ್ನು ಹಿಡಿದವರು ಎಂದರು. ಆಮೇಲೆ ಬೆತ್ತ ಹಿಡಿದರು: ನೀವು ಸಾಮಾಜಿಕ ಅನ್ಯಾಯದ ವಿರುದ್ಧ ಎಂದೂ ಹೋರಾಡಲಿಲ್ಲ, ಓದಿದವರು ನೌಕರಿ ಹಿಡಿದು ಸುಮ್ಮನಾದಿರಿ, ದಕ್ಷಿಣದ ಚರ್ಚುಗಳ ಒಳಗೇ ಜಾತಿ ಕೂತಿದೆ ಎನ್ನುವ ಅರ್ಥದ ಮಾತು. ಅದೇ ವರ್ಷ ಬಾರ್ತ್ ತನ್ನ ಮಹಾಗ್ರಂಥದ ಒಂದು ಸಂಪುಟದಲ್ಲಿ ಧರ್ಮ ಎಂಬುದೇ ಅವಿಶ್ವಾಸ ಎಂದು ಬರೆದ. ಅದೇ ವರ್ಷದ ಡಿಸೆಂಬರಿನಲ್ಲಿ ಮದರಾಸಿನ ಪಕ್ಕದ ತಾಂಬರಂನಲ್ಲಿ ಜಗತ್ತಿನ ಮಿಷನರಿಗಳ ಮಹಾಸಮ್ಮೇಳನ, ನಾನೂರಕ್ಕೂ ಹೆಚ್ಚು ಪ್ರತಿನಿಧಿಗಳು. ಅದಕ್ಕೆಂದೇ ಡಚ್ ಪಂಡಿತ ಹೆಂಡ್ರಿಕ್ ಕ್ರೇಮರ್ ಒಂದು ಪುಸ್ತಕ ಬರೆದು ತಂದಿದ್ದ. ಬಿಕ್ಕಟ್ಟಿನ ದೈವಶಾಸ್ತ್ರ ಭಾರತಕ್ಕೆ ದೊಡ್ಡ ದನಿಯಲ್ಲಿ ಬಂದದ್ದು ಆ ಪುಸ್ತಕದ ಹೆಗಲೇರಿ.

ಕ್ರೇಮರನ ವಾದ: ಕ್ರಿಸ್ತನಲ್ಲಿ ಬಂದ ದೇವರ ಮಾತಿಗೂ ಬೇರೆ ಧರ್ಮಗಳಿಗೂ ಸೇತುವೆ ಇಲ್ಲ. ಬಾರ್ತನ ‘ಇಲ್ಲ’ ಮೊದಲು ಬಿದ್ದದ್ದು ಅವನದೇ ಚರ್ಚಿನ ಮೇಲೆ, ಅವನದೇ ಗುರುಗಳ ಮೇಲೆ. ಕ್ರೇಮರನೂ ಚರ್ಚನ್ನು ಬಿಡಲಿಲ್ಲ, ಅದೂ ತೀರ್ಪಿನ ಕೆಳಗಿದೆ ಎಂದ. ಆದರೆ ತಾಂಬರಂನಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ, ಬಿದ್ದದ್ದು ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳ ಬಗ್ಗೆ ಅವನಂದದ್ದು. ಎದುರು ನಿಂತವರು ಮದರಾಸಿನ ಚೆಂಚಯ್ಯ, ಚಕ್ಕರೈ ಮತ್ತು ಗೆಳೆಯರು. ಅವರೂ ಅದೇ ವರ್ಷ ಪುಸ್ತಕ ತಂದಿದ್ದರು. ನಮ್ಮ ಉಪನಿಷತ್ತು, ಯೋಗ, ಭಕ್ತಿ ಎಲ್ಲ ದಾಟಿಕೊಂಡೇ ನಾವು ಕ್ರಿಸ್ತನ ಹತ್ತಿರ ಬಂದಿದ್ದೇವೆ, ಇವನ್ನು ಕಡೆಗಣಿಸಲು ನೀವು ಯಾರು ಅಂತ ಅವರ ಪ್ರಶ್ನೆ. ಪ್ರಶ್ನೆಯೇನೋ ಸರಿ. ಆದರೆ ಉಪನಿಷತ್ತು ಯಾರ ಕಿವಿಗೆ ಬಿದ್ದಿತ್ತು, ಯಾರ ಕಿವಿಗೆ ಸೀಸ ಬಿದ್ದಿತ್ತು? ಒಂದು ಕಡೆ ಯುರೋಪಿನ ಪಂಡಿತ, ಇನ್ನೊಂದು ಕಡೆ ಮೇಲ್ಜಾತಿಯ ಪರಂಪರೆಯನ್ನು ಹೊತ್ತ ವಕೀಲರು, ನ್ಯಾಯಾಧೀಶರು. ಭಾರತದ ಸಭೆಯ ಬಹುಪಾಲು ಮಂದಿ ದಲಿತರು. ಅವರ ಧರ್ಮ ಯಾವುದು ಅಂತ ಆ ಜಗಳದಲ್ಲಿ ಕೇಳುವವರಿಲ್ಲ. ಬಾರ್ಮೆನ್ನಿನ ಮರೆವು ಇದೇ.

ಸಿಲೋನಿನ ಡಿ. ಟಿ. ನೈಲ್ಸ್ ಎಂಬ ಮೆಥೊಡಿಸ್ಟ್ ಮುಖಂಡ ಮುಂದೆ ಒಂದು ಪ್ರಸಂಗ ಬರೆದಿದ್ದಾನೆ. ಹಿಂದೂ ಧರ್ಮ ಅವಿಶ್ವಾಸ ಅಂತೀರಲ್ಲ, ಎಷ್ಟು ಮಂದಿ ಹಿಂದೂಗಳನ್ನು ಕಂಡಿದ್ದೀರಿ ಎಂದು ಬಾರ್ತನನ್ನು ಕೇಳಿದನಂತೆ. ಒಬ್ಬರನ್ನೂ ಇಲ್ಲ ಎಂದನಂತೆ ಬಾರ್ತ್. ಹಾಗಿದ್ದರೆ ಹೇಗೆ ಗೊತ್ತು ಅಂದರೆ, ಅನುಭವಕ್ಕೆ ಮೊದಲೇ ಗೊತ್ತು ಅಂತ ಉತ್ತರ. ನೈಲ್ಸ್ ತಲೆ ಅಲ್ಲಾಡಿಸಿ ನಕ್ಕನಂತೆ. ನಾವೂ ನಗಬಹುದು. ಆದರೆ ಕಾಣದೆಯೇ ತಿಳಿಯುವ ಈ ವಿದ್ಯೆ ಯುರೋಪಿನವರಿಗೆ ಮಾತ್ರ ಸಿದ್ಧಿಸಿದ್ದಲ್ಲ. ಕೇರಿಗೆ ಕಾಲಿಡದೆ ಕೇರಿಯ ವಿಷಯ ಎಲ್ಲ ತಿಳಿದವರು ನಮ್ಮ ಊರೂರಲ್ಲೂ ಇದ್ದಾರೆ.

ಸ್ವಾತಂತ್ರ್ಯದ ಮೇಲೆ ಈ ವಿಚಾರದ ಕೇಂದ್ರ ಬೆಂಗಳೂರಿಗೆ ಬಂತು. ಅಲ್ಲಿ 1910ರಿಂದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇತ್ತು. 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಒಂದು ಕ್ರೈಸ್ತ ಸಂಸ್ಥೆ ಕಟ್ಟಿದರು. ಅದರ ಮೊದಲ ನಿರ್ದೇಶಕರು ಪಿ. ಡಿ. ದೇವನಂದನ್, 1962ರಲ್ಲಿ ಅವರು ತೀರಿಕೊಂಡ ಮೇಲೆ ಎಂ. ಎಂ. ಥಾಮಸ್. ಇಬ್ಬರೂ ಕ್ರೇಮರನನ್ನು ಓದಿ ಬೆಳೆದವರು, ಆಮೇಲೆ ಅವನನ್ನು ದಾಟಿದವರು. ಎಲ್ಲ ಧರ್ಮವೂ ತೀರ್ಪಿನ ಕೆಳಗೆ ಅಂದ ಮೇಲೆ ಕ್ರೈಸ್ತನಿಗೆ ಹಿಂದೂವಿನ ಮೇಲೆ, ನಾಸ್ತಿಕನ ಮೇಲೆ ಹೆಚ್ಚುಗಾರಿಕೆ ಎಲ್ಲಿಯದು, ಇಬ್ಬರೂ ಕೂಡಿ ದೇಶ ಕಟ್ಟಬೇಕು, ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವ ಕೆಲಸದಲ್ಲೇ ವಿಮೋಚನೆ ಇದೆ ಎಂದರು ಥಾಮಸ್. ತುರ್ತು ಪರಿಸ್ಥಿತಿಯಲ್ಲಿ ಸುಮ್ಮನಿರದೆ ಎದುರು ಬರೆದವರು ಅವರು. ಅವರ ಬಗ್ಗೆ ನಮಗೆ ಗೌರವ ಇದೆ. ಆದರೂ ಅವರ ಭಾಷೆಯಲ್ಲಿ ‘ಮನುಷ್ಯ’ ಎಂಬವನು ಇದ್ದ, ಹೊಲೆಯನಿರಲಿಲ್ಲ.

ಅದೇ ಕಾಲಕ್ಕೆ ಕನ್ನಡ ಸಾಹಿತ್ಯದಲ್ಲೂ ಅಸ್ತಿತ್ವವಾದ ಬಂದಿತ್ತು. ನವ್ಯರು ಸಾರ್ತೃ, ಕಾಮೂ, ಕಾಫ್ಕಾ ಓದಿ ಒಂಟಿತನದ, ಅನಾಥಪ್ರಜ್ಞೆಯ ಕಥೆ ಬರೆದರು. ಅಗ್ರಹಾರದ ಮಗ ಅಗ್ರಹಾರ ಬಿಟ್ಟು ಒಬ್ಬಂಟಿಯಾದದ್ದು ದೊಡ್ಡ ಬಿಕ್ಕಟ್ಟಾಯಿತು. ಹುಟ್ಟಿದಂದಿನಿಂದ ಊರ ಹೊರಗೇ ಇದ್ದವನ ಕಥೆ ಬರೆಯುವುದಕ್ಕೆ 1973ರ ಬೂಸಾ ಗಲಾಟೆ ಆಗಬೇಕಾಯಿತು, ದಲಿತ ಸಂಘರ್ಷ ಸಮಿತಿ ಕಟ್ಟಬೇಕಾಯಿತು, 1975ರಲ್ಲಿ ಹೊಲೆಮಾದಿಗರ ಹಾಡು ಬರಬೇಕಾಯಿತು, 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯದ ಮೊದಲ ಸಮ್ಮೇಳನ ಸೇರಬೇಕಾಯಿತು. ಒಬ್ಬಂಟಿಯ ನೋವಿನ ಎದುರು ಗುಂಪಿನ ಸಿಟ್ಟು ನಿಂತಿತು.

ಎರಡು ವರ್ಷದ ಮೇಲೆ, ಅದೇ ಬೆಂಗಳೂರಿನಲ್ಲಿ, ದೈವಶಾಸ್ತ್ರದಲ್ಲೂ ಇದು ನಡೆಯಿತು. 1981ರ ಏಪ್ರಿಲಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ಶೂದ್ರ ದೈವಶಾಸ್ತ್ರದ ಕಡೆಗೆ ಎಂಬ ವಿಷಯ. ನಿರ್ಮಲ್ ಮಹಾರಾಷ್ಟ್ರದ ದಲಿತ ಕ್ರೈಸ್ತರು, ಅಲ್ಲೇ ಪಾಠ ಮಾಡುತ್ತಿದ್ದವರು. ಭಾರತೀಯ ಕ್ರೈಸ್ತ ದೈವಶಾಸ್ತ್ರ ಅಂತ ಈತನಕ ನಾವು ಓದಿದ್ದೆಲ್ಲ ಬ್ರಾಹ್ಮಣ ಪರಂಪರೆಯ ಜೊತೆ ಮಾಡಿದ ಸಂಭಾಷಣೆ, ಸಭೆಯಲ್ಲಿ ಕೂತ ಬಹುಪಾಲು ಜನರ ನೋವು ಅದರಲ್ಲಿ ಎಲ್ಲಿದೆ ಎಂದು ಕೇಳಿದರು. ಶೂದ್ರ ಎಂಬ ಮಾತು ಬೇಗನೆ ಬಿದ್ದುಹೋಗಿ ದಲಿತ ಎಂಬ ಮಾತು ನಿಂತಿತು. 1972ರಲ್ಲಿ ಎದ್ದ ದಲಿತ ಪ್ಯಾಂಥರ್ಸ್ ಆ ಮಾತಿಗೆ ಬೆಂಕಿ ಹಚ್ಚಿ ಕೊಟ್ಟಿದ್ದರು. ಮುಂದೆ ಮದರಾಸಿನ ಗುರುಕುಲ ಕಾಲೇಜಿನಲ್ಲಿ ದಲಿತ ದೈವಶಾಸ್ತ್ರಕ್ಕೇ ಒಂದು ವಿಭಾಗ ಸುರುವಾಯಿತು, ನಿರ್ಮಲ್ ಅದರ ಮುಖ್ಯಸ್ಥರಾದರು, 1995ರಲ್ಲಿ ತೀರಿಕೊಂಡರು.

ಅವರ ತರ್ಕ ಸರಳ. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಇಸ್ರಾಯೇಲರು ದೇವರ ಮುಂದೆ ನಿಂತು ತಮ್ಮ ಪೂರ್ವಜ ಅಲೆಮಾರಿಯಾಗಿದ್ದ ಎಂದು ಹೇಳುತ್ತಾರೆ. ದಲಿತ ಕ್ರೈಸ್ತನೂ ಮೊದಲು ತನ್ನ ಪೂರ್ವಜನ ಹೆಸರು ಹೇಳಬೇಕು, ಅವನ ಮೈಮೇಲೆ ಬಿದ್ದದ್ದನ್ನು ಹೇಳಬೇಕು, ಆಮೇಲೆ ದೇವರ ಮಾತು. ಸೇವಕ ದೇವರು ಅಂತ ಶಾಸ್ತ್ರ ಹೇಳುವುದಾದರೆ ಈ ದೇಶದಲ್ಲಿ ಸೇವೆ ಯಾರ ಕೆಲಸ? ಕಸ ಗುಡಿಸುವವನದು, ಬಟ್ಟೆ ಒಗೆಯುವವನದು. ಹಾಗಾದರೆ ದೇವರು ಅವರ ಪೈಕಿಯವನು. ಯೇಸು ದಲಿತ.

ಇದರಲ್ಲಿ ಬಾರ್ತ್ ಎಲ್ಲಿ? ನಮ್ಮ ತಿಳುವಳಿಕೆಯಂತೆ ನಿರ್ಮಲರ ಗಟ್ಟಿ ‘ಇಲ್ಲ’ ಅನ್ನುವುದರಲ್ಲಿ. ದಲಿತ ದೈವಶಾಸ್ತ್ರ ಬೇರೆ ಶಾಸ್ತ್ರಗಳ ಜೊತೆ ಕಲೆತು ಕರಗುವುದಿಲ್ಲ, ಅದು ಎದುರು ನಿಲ್ಲುವ ಶಾಸ್ತ್ರ ಎಂದರು ಅವರು. ಸಾಫೆನ್‌ವಿಲ್ಲಿನ ಪಾದ್ರಿ ಪಂಡಿತರ ಮೇಲೆ ಎತ್ತಿದ ‘ಇಲ್ಲ’, ತಾಂಬರಂನಲ್ಲಿ ದಿಕ್ಕು ತಪ್ಪಿದ ‘ಇಲ್ಲ’, 1981ರಲ್ಲಿ ಮತ್ತೆ ಕೂಲಿಯವನ ಬಾಯಿಗೆ ಬಂತು. ಆದರೆ ಈ ಸಲ ಹೇಳಿದವನು ಕೂಲಿಯವರ ಪರವಾಗಿ ನಿಂತ ಪಾದ್ರಿಯಲ್ಲ, ಅವರೊಳಗಿನವನೇ. ನಿರ್ಮಲರ ಶಾಸ್ತ್ರ ನೋವಿನ ಮೇಲೇ ಹೆಚ್ಚು ನಿಂತಿತು, ಹೆಣ್ಣುಮಕ್ಕಳ ಮಾತು ಅದರಲ್ಲಿ ಕಡಿಮೆ ಎಂದು ಆಮೇಲೆ ಬಂದವರು ಟೀಕಿಸಿದರು. ಟೀಕೆ ನ್ಯಾಯವಾದದ್ದೇ.

ಹೆಣ್ಣುಮಕ್ಕಳ ಮಾತು ಬಂತಲ್ಲ. ನಿರ್ಧಾರ ನಿರ್ಧಾರ ಎನ್ನುವ ಅಸ್ತಿತ್ವವಾದವನ್ನು ಒರೆಗೆ ಹಚ್ಚಬೇಕಾದರೆ ಸವದತ್ತಿಯ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಹುಡುಗಿಯ ಮುಂದೆ ಹಚ್ಚಬೇಕು. ಏಳೆಂಟು ವರ್ಷದ ಕೂಸು. ಯಾವ ಆಯ್ಕೆ, ಯಾವ ನಿರ್ಧಾರ? ಮುಂಬಯಿ ಸರಕಾರ 1934ರಲ್ಲಿ, ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಕಾಯಿದೆ ಮಾಡಿದವು. ಕಾಯಿದೆ ಕಾಗದದಲ್ಲಿದ್ದಾಗಲೂ ಗೋಕಾಕ, ಹುಕ್ಕೇರಿ ಸೀಮೆಯ ಕೇರಿಗಳಲ್ಲಿ ಮುತ್ತು ಕಟ್ಟುವುದು ನಡೆದೇ ಇತ್ತು. ಅದನ್ನು ನಿಲ್ಲಿಸುವ ಕೆಲಸಕ್ಕೆ ಕಡೆಗೆ ಆ ಹೆಣ್ಣುಮಕ್ಕಳೇ ಇಳಿದರು. 1997ರಲ್ಲಿ ಮಾಜಿ ದೇವದಾಸಿಯರು ತಮ್ಮದೇ ಸಂಸ್ಥೆ ಕಟ್ಟಿಕೊಂಡರು, ಘಟಪ್ರಭಾದಲ್ಲಿ ಅದರ ಕಚೇರಿ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ ಹೆಸರು. ನಮ್ಮ ಮಕ್ಕಳಿಗೆ ಇದು ಬ್ಯಾಡ ಅಂತ ಒಬ್ಬಾಕೆ ಅಂದಿದ್ದರೆ ದೇವಿಯ ಶಾಪ ಅಂತ ಬಾಯಿ ಮುಚ್ಚಿಸುತ್ತಿದ್ದರು. ಸಂಘ ಅಂದಾಗ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಾಗಲಿಲ್ಲ. ಕೇರಿಯ ನಿರ್ಧಾರ ಹೀಗೇ ಇರುತ್ತದೆ, ಕೂಡಿ ಮಾಡುವಂಥದು.

ಕೊನೆಗೆ ಸರಕಾರದ ದೈವಶಾಸ್ತ್ರ ನೋಡಿ. ನಗಬೇಡಿ, ಸರಕಾರಕ್ಕೂ ಒಂದು ಇದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂವಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನೂ ಮುಸಲ್ಮಾನರನ್ನೂ ಬಿಟ್ಟರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತ ಆದಿದ್ರಾವಿಡ ಸುಪ್ರೀಂ ಕೋರ್ಟಿಗೆ ಹೋದ. ಪಕ್ಕದಲ್ಲಿ ಅದೇ ಕೆಲಸ ಮಾಡುವ ಹಿಂದೂವಿಗೆ ಸರಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತ್ತು, ಇವನಿಗಿಲ್ಲ. 1985ರಲ್ಲಿ ಕೋರ್ಟು ಅರ್ಜಿ ವಜಾ ಮಾಡಿತು. ಧರ್ಮ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ತೋರಿಸುವ ಸಾಕಷ್ಟು ಆಧಾರ ತನ್ನ ಮುಂದೆ ಇಲ್ಲ ಎಂದಿತು. ಕ್ರೈಸ್ತ ಶಾಸ್ತ್ರದಲ್ಲಿ ಜಾತಿ ಇಲ್ಲ, ಆದ್ದರಿಂದ ಕ್ರೈಸ್ತನಿಗೆ ಜಾತಿ ಇಲ್ಲ ಅನ್ನುವ ಲೆಕ್ಕವೇ ಆ ಆದೇಶದ ಹಿಂದಿರುವುದು. ಧರ್ಮ ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ನಂಬಬೇಡಿ ಎಂದು ಬಾರ್ತ್ ಕೂಗಿದ್ದು ಇದಕ್ಕೇ ಅಲ್ಲವೆ? ಈ ವಿಷಯ ಪರಿಶೀಲಿಸಲು 2022ರ ಅಕ್ಟೋಬರಿನಲ್ಲಿ ಮಾಜಿ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿದರು.

ಕೋರ್ಟು ಕೇಳಿದ ಆಧಾರ ದಿಲ್ಲಿಯಲ್ಲಿ ಸಿಗುವುದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮಾಸ್ತರರಿಗೂ ವಿದ್ಯಾರ್ಥಿ ಗೆಳೆಯರಿಗೂ ನಾವು ಹೇಳುವುದು ಇದು: ಕೇರಿಯ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಸಭೆಗಳಲ್ಲಿ ದೀಕ್ಷಾಸ್ನಾನದ ಪುಸ್ತಕಗಳಿವೆ. ಯಾವ ಇಸವಿಯಲ್ಲಿ ಯಾವ ಕೇರಿ ಕೂತು ಹೌದು ಅಂತು, ಯಾರು ಒಲ್ಲೆ ಅಂದರು, ಮರುದಿನ ಊರು ಏನು ಮಾಡಿತು, ಬಾವಿ ಯಾವಾಗ ತೆರೆಯಿತು, ಹೆಣ ಹೂಳುವುದಕ್ಕೆ ಜಾಗ ಯಾರು ಕೊಟ್ಟರು, ಚರ್ಚಿನೊಳಗೆ ಹೊಲೆಯರೂ ಮಾದಿಗರೂ ಹೆಣ್ಣು ಕೊಟ್ಟು ತಂದರೋ ಇಲ್ಲವೋ, ಗಿರಣಿಯಲ್ಲಿ ಕೆಲಸ ಸಿಕ್ಕಿತೋ, ಸಿಕ್ಕರೆ ಯಾವ ಖಾತೆಯಲ್ಲಿ, ಕೇಳಿ ಬರೆದುಕೊಳ್ಳಿ. ಹೆಸರು ಬರೆಯಬೇಡಿ ಅಂದವರ ಹೆಸರು ಬಿಡಿ. ತಾರೀಖು ಹಾಕಿ, ಊರಿನ ಹೆಸರು ಹಾಕಿ, ನಮಗೆ ಕಳಿಸಿ. ಅಚ್ಚು ಮಾಡುತ್ತೇವೆ.